ಅಕ್ಕಿಯ ಧಾರಣೆ ಸಾರಿದ ಬೆಟ್ಟಗಳು

ಜಪಾನಿನ ಕೋಬೆ ನಗರದ ಪಶ್ಚಿಮದ ಅಂಚಿನಲ್ಲಿ ಸುಮಾ ಎಂಬ ಕಡಲ ತೀರವಿದೆ. ಆ ತೀರಕ್ಕೆ ಬೆನ್ನು ಕೊಟ್ಟು ನಿಂತಂತೆ ಒಂದು ಪುಟ್ಟ ಬೆಟ್ಟ. ಎತ್ತರ ಸುಮಾರು 250 ಮೀಟರು ಮಾತ್ರ. ಹಿಮ ಮುಸುಕಿದ ಶಿಖರವಲ್ಲ, ಪ್ರಸಿದ್ಧ ದೇವಾಲಯವೂ ಅದರ ನೆತ್ತಿಯ ಮೇಲಿಲ್ಲ. ಬೆಳಗಿನ ಹೊತ್ತು ವಯಸ್ಸಾದವರು ಕೈಯಲ್ಲಿ ಕೋಲು ಹಿಡಿದು ನಿಧಾನವಾಗಿ ಹತ್ತುತ್ತಾರೆ. ಮೇಲಿರುವ ಚಹದ ಮನೆಯ ಬಳಿ ದಣಿವಾರಿಸಿಕೊಳ್ಳುತ್ತಾರೆ. ಕೆಳಗೆ ನೀಲಿ ಜಲಸಂಧಿ. ಆಚೆಗೆ ಅವಾಜಿ ದ್ವೀಪ. ಎರಡನ್ನೂ ಬೆಸೆದಿರುವ, 1998ರಲ್ಲಿ ಸಂಚಾರಕ್ಕೆ ತೆರೆದ ಭಾರಿ ತೂಗುಸೇತುವೆ.

ಈ ಬೆಟ್ಟದ ಹೆಸರು ಹತಾಫುರಿ-ಯಾಮಾ. ಜಪಾನೀ ಭಾಷೆಯಲ್ಲಿ 'ಹತಾ' ಎಂದರೆ ಬಾವುಟ, 'ಫುರಿ' ಎಂದರೆ ಬೀಸುವುದು, 'ಯಾಮಾ' ಎಂದರೆ ಬೆಟ್ಟ. ಬಾವುಟ ಬೀಸುವ ಬೆಟ್ಟ! ಇದೊಂದೇ ಅಲ್ಲ. ಒಸಾಕಾ ನಗರವನ್ನು ನಡುವೆ ಇಟ್ಟುಕೊಂಡು ಪಶ್ಚಿಮ ಜಪಾನಿನ ಉದ್ದಗಲಕ್ಕೂ ನೋಡಿದರೆ ಇದೇ ಹೆಸರಿನ ಬೆಟ್ಟಗಳು ಅಲ್ಲಲ್ಲಿ ಸಿಗುತ್ತವೆ. ಕೆಲವಕ್ಕೆ ಸೋಬಾ-ಯಾಮಾ ಎಂಬ ಹೆಸರೂ ಉಂಟು. 'ಸೋಬಾ' ಎಂದರೆ ಪೇಟೆಯ ಧಾರಣೆ. ಹಾಗಾದರೆ ಅದು ಧಾರಣೆಯ ಬೆಟ್ಟ.

ಬೆಟ್ಟಕ್ಕೂ ಬಾವುಟಕ್ಕೂ ಪೇಟೆಯ ಧಾರಣೆಗೂ ಎಲ್ಲಿಯ ನಂಟು? ಉತ್ತರ ಸೋಜಿಗದ್ದು. ತಂತಿಯೂ ಟೆಲಿಫೋನೂ ಬರುವುದಕ್ಕೆ ಒಂದು ಶತಮಾನಕ್ಕೂ ಹಿಂದೆಯೇ ಈ ಬೆಟ್ಟಗಳ ಮೇಲೆ ನಿಂತ ಜನರು ಬಾವುಟ ಬೀಸಿ, ಒಸಾಕಾದ ಅಕ್ಕಿಯ ಬೆಲೆಯನ್ನು ಊರಿಂದೂರಿಗೆ ನಿಮಿಷಗಳಲ್ಲಿ ಮುಟ್ಟಿಸುತ್ತಿದ್ದರು.

ಬೆಟ್ಟದ ಬಾಯಿಂದ ಸುದ್ದಿ

ಬೆಟ್ಟಗಳನ್ನು ಸುದ್ದಿಯ ಮೆಟ್ಟಿಲು ಮಾಡಿಕೊಂಡವರು ಜಪಾನೀಯರಷ್ಟೇ ಅಲ್ಲ. ಲಂಡನ್ನಿನ ಆಗ್ನೇಯ ಭಾಗದಲ್ಲಿರುವ 'ಟೆಲಿಗ್ರಾಫ್ ಹಿಲ್' ಎಂಬ ದಿಣ್ಣೆಗೆ ಆ ಹೆಸರು ಬಂದುದು ವಿದ್ಯುತ್ ತಂತಿಯಿಂದಲ್ಲ. 1796ರ ಸುಮಾರಿಗೆ ಬ್ರಿಟಿಷ್ ನೌಕಾದಳವು ಅಲ್ಲಿ ನಿಲ್ಲಿಸಿದ್ದ, ತೆರೆದು ಮುಚ್ಚುವ ಹಲಗೆಗಳ ಸನ್ನೆಯ ಯಂತ್ರದಿಂದ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಟೆಲಿಗ್ರಾಫ್ ಹಿಲ್‌ನ ಮೇಲೆ 1850ರ ವೇಳೆಗೆ ಎರಡು ಮರದ ತೋಳುಗಳಿದ್ದ ಕಂಬ ನಿಂತಿತ್ತು; ಬಂದರಿಗೆ ಬರುತ್ತಿರುವುದು ಎಂಥ ಹಡಗು ಎಂಬುದನ್ನು ಆ ತೋಳುಗಳು ಪಟ್ಟಣಕ್ಕೆ ತಿಳಿಸುತ್ತಿದ್ದುವು. ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ 1566 ಮೀಟರು ಎತ್ತರದ ಒಂದು ಕಣಿವೆದಾರಿಗೆ ಇಂದಿಗೂ 'ಟೆಲಿಗ್ರಾಫಿನ ಕಣಿವೆ' ಎಂದೇ ಹೆಸರು. ಅರಿಜೋನಾದ 'ಹೀಲಿಯೋಗ್ರಾಫ್ ಪೀಕ್' ಎಂಬ ಶಿಖರದಲ್ಲಿ 1886ರಲ್ಲಿ ಸೈನಿಕರು ಕನ್ನಡಿಗಳಿಂದ ಬಿಸಿಲನ್ನು ಮಿನುಗಿಸಿ, ಅಪಾಚೆ ಜನರ ಮೇಲಣ ಕಾರ್ಯಾಚರಣೆಗಾಗಿ ಸಂದೇಶ ಕಳುಹಿಸುತ್ತಿದ್ದರು.

ಇವುಗಳಲ್ಲಿ ಹೆಚ್ಚಿನವು ಸರಕಾರದ ಕಣ್ಣುಗಳು. ಯುದ್ಧದ ಸುದ್ದಿ, ಶತ್ರುವಿನ ಸುದ್ದಿ, ಅರಮನೆಗೆ ಮುಟ್ಟಬೇಕಾದ ಸುದ್ದಿ. ಜಪಾನಿನ ಬಾವುಟದ ಬೆಟ್ಟಗಳ ಕಥೆಯಾದರೋ ಬೇರೆಯದು. ಅವುಗಳನ್ನು ಕಟ್ಟಿದವನು ಅರಸನಲ್ಲ, ವರ್ತಕ. ಅರಸನು ಮಾಡಿದುದೇನೆಂದರೆ, ಅವನ್ನು ನಿಷೇಧಿಸಿದ್ದು!

ದೇಶದ ಅಡಿಗೆಮನೆ

ತೋಕುಗಾವಾ ಶೋಗುನರ ಕಾಲದ ಜಪಾನಿನಲ್ಲಿ ಅಕ್ಕಿ ಕೇವಲ ಅನ್ನವಾಗಿರಲಿಲ್ಲ. ಅದೇ ಕಂದಾಯ, ಅದೇ ಸಂಬಳ, ಅದೇ ಅಂತಸ್ತು. ಒಬ್ಬ ಪಾಳೆಯಗಾರನ ಸಂಸ್ಥಾನ ಎಷ್ಟು ದೊಡ್ಡದೆಂದು ಕೇಳಿದರೆ, ಅದು ಇಷ್ಟು 'ಕೊಕು' ಅಕ್ಕಿಯದೆಂದು ಹೇಳುತ್ತಿದ್ದರು. ಒಂದು ಕೊಕು ಎಂದರೆ ಸುಮಾರು 180 ಲೀಟರು. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಬೇಕಾಗುವ ಅಕ್ಕಿ ಎಂಬುದು ಅದರ ಅಂದಾಜು. ರೈತನು ಕಂದಾಯವನ್ನು ಧಾನ್ಯದಲ್ಲಿ ತೆರುತ್ತಿದ್ದನು. ಸಮುರಾಯಿ ಯೋಧನು ಸಂಬಳವನ್ನು ಧಾನ್ಯದಲ್ಲಿ ಪಡೆಯುತ್ತಿದ್ದನು. ಆದರೆ ಬಟ್ಟೆಗೆ, ಎಣ್ಣೆಗೆ, ಕಾಗದಕ್ಕೆ ಬೇಕಾದುದು ಹಣ. ಆದುದರಿಂದ ಅಕ್ಕಿಯನ್ನು ಎಲ್ಲಿಯಾದರೂ ಬೆಳ್ಳಿಯಾಗಿ ಮಾರ್ಪಡಿಸಲೇಬೇಕಾಗಿತ್ತು.

ಆ ಮಾರ್ಪಾಡು ನಡೆಯುತ್ತಿದ್ದುದು ಒಸಾಕಾದಲ್ಲಿ. ಅಲ್ಲಿಯ ಹೊಳೆಯ ದಂಡೆಯುದ್ದಕ್ಕೂ ಬೇರೆ ಬೇರೆ ಸಂಸ್ಥಾನಗಳ ಉಗ್ರಾಣಗಳು ಸಾಲಾಗಿ ಎದ್ದಿದ್ದುವು. ಉಚ್ಛ್ರಾಯದ ಕಾಲದಲ್ಲಿ ಅವುಗಳ ಸಂಖ್ಯೆ ನೂರನ್ನು ಮೀರಿತ್ತು. ಒಸಾಕಾಕ್ಕೆ 'ದೇಶದ ಅಡಿಗೆಮನೆ' ಎಂಬ ಅಡ್ಡಹೆಸರು ಬಂದುದು ಸಹಜವೇ. ಮೊದಲು ಯೋದೊಯಾ ಎಂಬ ಸಿರಿವಂತ ಮನೆತನದ ಅಂಗಡಿಯ ಮುಂದೆ ಸೇರುತ್ತಿದ್ದ ಅಕ್ಕಿಯ ಪೇಟೆ 1697ರಲ್ಲಿ ದೋಜಿಮಾ ಎಂಬಲ್ಲಿಗೆ ಬಂದಿತು. 1705ರಲ್ಲಿ ಯೋದೊಯಾ ಮನೆತನದ ಆಸ್ತಿಯೆಲ್ಲವನ್ನೂ ಸರಕಾರ ಮುಟ್ಟುಗೋಲು ಹಾಕಿಕೊಂಡಿತು. ವರ್ತಕನಿಗೆ ಸಲ್ಲದ ವೈಭವದಿಂದ ಬಾಳಿದರೆಂಬುದು ಅವರ ಮೇಲಿನ ಆರೋಪ.

ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. ಕೊಂಡವನು ಮೂಟೆಗಳನ್ನು ಆಗಲೇ ಹೊತ್ತೊಯ್ಯಬೇಕಾಗಿರಲಿಲ್ಲ. ಉಗ್ರಾಣದಿಂದ ಒಂದು ಚೀಟಿ ಪಡೆದರೆ ಸಾಕು. ಆ ಚೀಟಿಯನ್ನು ಇನ್ನೊಬ್ಬನಿಗೆ ಮಾರಬಹುದು, ಅವನು ಮತ್ತೊಬ್ಬನಿಗೆ. ಬರಬರುತ್ತಾ ಅಕ್ಕಿಯಾಗಲಿ ಚೀಟಿಯಾಗಲಿ ಕೈ ಬದಲಾಯಿಸದೆ, ಮುಂದಿನ ಗಡುವಿನ ಬೆಲೆಯ ಮೇಲೆ ಲೆಕ್ಕದ ಪುಸ್ತಕದಲ್ಲೇ ಕೊಂಡು ಮಾರುವ ವಾಯಿದೆ ವ್ಯಾಪಾರವೂ ಬಲಿಯಿತು. 1730ರಲ್ಲಿ ಶೋಗುನ್ ಯೋಶಿಮುನೆಯ ಸರಕಾರ ಅದಕ್ಕೆ ಅಧಿಕೃತ ಮನ್ನಣೆ ಕೊಟ್ಟಿತು. ಅಕ್ಕಿಯ ಬೆಲೆ ಬಿದ್ದರೆ ಅಕ್ಕಿಯನ್ನೇ ಸಂಬಳವಾಗಿ ಪಡೆಯುವ ಸಮುರಾಯಿಗಳ ಬದುಕೂ ಬೀಳುತ್ತದೆ. ಪೇಟೆಗೆ ಚೈತನ್ಯ ಬಂದರೆ ಬೆಲೆ ಚೇತರಿಸಿಕೊಂಡೀತೆಂಬುದು ಸರಕಾರದ ಆಸೆ. ಬೆಲೆಯ ಚಿಂತೆಯಲ್ಲೇ ಆಳಿದ ಆ ಶೋಗುನನನ್ನು ಜನರು 'ಅಕ್ಕಿಯ ಶೋಗುನ್' ಎಂದು ಕರೆದರು. ಜಗತ್ತಿನಲ್ಲಿ ಕ್ರಮಬದ್ಧವಾಗಿ ನಡೆದ ವಾಯಿದೆ ಪೇಟೆಗಳ ಪೈಕಿ ಅತ್ಯಂತ ಹಳೆಯದೆಂದು ಅರ್ಥಶಾಸ್ತ್ರಜ್ಞರು ಇಂದು ದೋಜಿಮಾವನ್ನೇ ಹೆಸರಿಸುತ್ತಾರೆ.

ಪೇಟೆಯ ನೋಟವೂ ವಿಚಿತ್ರ. ದಲ್ಲಾಳಿಗಳು ಬೀದಿಯಲ್ಲೇ ಒತ್ತೊತ್ತಾಗಿ ನಿಂತು, ಕೂಗುತ್ತ, ಕೈಬೆರಳಿನ ಸನ್ನೆಗಳಿಂದ ಬೆಲೆ ಕಟ್ಟುತ್ತಿದ್ದರು. ವ್ಯವಹಾರ ಮುಗಿಯುವ ಹೊತ್ತನ್ನು ಒಂದು ಹೊಸೆದ ಬತ್ತಿ ನಿರ್ಣಯಿಸುತ್ತಿತ್ತು. ಬತ್ತಿ ಉರಿದು ಆರಿತೆಂದರೆ ಅಂದಿನ ವ್ಯಾಪಾರ ಮುಗಿದಂತೆ. ಅನಂತರವೂ ಆಸೆ ಬಿಡದೆ ಕೂಗಾಡುತ್ತಿದ್ದವರ ಮೇಲೆ ತಣ್ಣೀರು ಎರಚಿ ಚದುರಿಸಲು ಬಕೆಟ್ಟು ಹಿಡಿದ ಆಳುಗಳೇ ಇದ್ದರು!

ಕಾಲಿಗಿಂತ ಕಣ್ಣು ಮುಂದು

ದೋಜಿಮಾದಲ್ಲಿ ಕಟ್ಟಿದ ಬೆಲೆಯೇ ದೇಶಕ್ಕೆಲ್ಲ ಅಳತೆಗೋಲು. ಒಸಾಕಾದಲ್ಲಿ ಬೆಳಿಗ್ಗೆ ಅಕ್ಕಿ ತುಟ್ಟಿಯಾಯಿತೆನ್ನಿ. ಆ ಸುದ್ದಿ ಓತ್ಸು ಪಟ್ಟಣದ ಒಬ್ಬ ವರ್ತಕನಿಗೆ ಉಳಿದವರಿಗಿಂತ ಒಂದು ತಾಸು ಮೊದಲು ತಿಳಿದರೆ, ಅವನು ಊರಿನ ದಾಸ್ತಾನನ್ನೆಲ್ಲ ಹಳೆಯ ಬೆಲೆಗೇ ಕೊಂಡು, ಸಂಜೆಯೊಳಗೆ ಹೊಸ ಬೆಲೆಗೆ ಮಾರಬಹುದು. ಅವನಿಗೆ ಮಾರಿದವನು ಮೋಸಹೋದದ್ದು ಸುಳ್ಳಿನಿಂದಲ್ಲ, ಬರಿಯ ತಡದಿಂದ. ಸುದ್ದಿ ಎಂಬುದು ಅಕ್ಕಿಯಂತೆಯೇ ಒಂದು ಸರಕಾಗಿ ಹೋಯಿತು. ಅಕ್ಕಿಯಾದರೆ ವರ್ಷವಿಡೀ ಕೆಡದೆ ಇದ್ದೀತು. ಸುದ್ದಿ ಒಂದೇ ತಾಸಿನಲ್ಲಿ ಹಳಸುತ್ತದೆ.

ಈ ಸರಕನ್ನು ಮೊದಮೊದಲು ಹೊತ್ತವರು ಓಡುವ ಹರಿಕಾರರು. ಅಕ್ಕಿಯ ಧಾರಣೆಯನ್ನೇ ಮುಟ್ಟಿಸುವ ಹರಿಕಾರರ ಒಂದು ಪಂಗಡವೇ ಇತ್ತು. ಆದರೆ ಮನುಷ್ಯನ ಕಾಲಿಗೆ ಒಂದು ಮಿತಿಯುಂಟು. ಕ್ಯೋಟೊ ನಗರ ಒಸಾಕಾದಿಂದ ನಲವತ್ತು ಕಿಲೊಮೀಟರು ಚಿಲ್ಲರೆ ದೂರ. ಗಟ್ಟಿ ಓಟಗಾರನಿಗೂ ಹಲವು ತಾಸಿನ ದಾರಿ. ಕಾಲು ಸೋಲುವಲ್ಲಿ ಕಣ್ಣು ಗೆಲ್ಲುತ್ತದೆಂಬುದನ್ನು ವರ್ತಕರು 18ನೆಯ ಶತಮಾನದ ನಡುವಿನ ವೇಳೆಗೆ ಕಂಡುಕೊಂಡರು.

ಏರ್ಪಾಡು ಬಹು ಸರಳ. ಒಂದು ಬೆಟ್ಟದ ಮೇಲೆ ಒಬ್ಬನು ಬಾವುಟ ಬೀಸಬೇಕು. ಸುಮಾರು ಹನ್ನೆರಡು ಕಿಲೊಮೀಟರು ದೂರದ ಇನ್ನೊಂದು ಬೆಟ್ಟದ ಮೇಲೆ ಒಬ್ಬನು ದುರ್ಬೀನಿಗೆ ಕಣ್ಣು ಹಚ್ಚಿ ಅದನ್ನು ಓದಬೇಕು. ಓದಿದೊಡನೆ ತಾನೂ ಬೀಸಬೇಕು; ಅದರಾಚೆಯವನು ಓದಬೇಕು. ಒಸಾಕಾದ ಸಮೀಪದ ಇಜುಮಿ ಪ್ರಾಂತದಲ್ಲೇ ಇವಾಹಾಶಿ ಜೆನ್‌ಬೇ ಎಂಬ ಕುಶಲಿ ಮಸೂರ ಉಜ್ಜಿ ಉತ್ತಮವಾದ ದುರ್ಬೀನುಗಳನ್ನು ತಯಾರಿಸುತ್ತಿದ್ದನು. 1756ರಲ್ಲಿ ಹುಟ್ಟಿದ ಅವನ ಕಾಲಕ್ಕೆ ದೂರವನ್ನು ಹತ್ತಿರಕ್ಕೆ ತರುವ ಗಾಜು ಜಪಾನಿನಲ್ಲಿಯೇ ದೊರೆಯುವಂತಾಗಿತ್ತು.

ಸರಳವಾದರೂ ಸುಲಭವಲ್ಲ. ಹಿಂದೆ ಕಪ್ಪು ಕಾಡಿದ್ದರೆ ಬಿಳಿಯ ಬಾವುಟ, ಬಯಲು ಆಕಾಶವಿದ್ದರೆ ಕರಿಯ ಬಾವುಟ. ಬಿಸಿಲು ಚೆನ್ನಾಗಿದ್ದರೆ ಚಿಕ್ಕದು. ಮೋಡ ಕವಿದ ದಿನ ಒಂದು ಗಜ ಅಗಲದ, ಎರಡು ಗಜಕ್ಕೆ ಸಮೀಪದ ಉದ್ದದ ದೊಡ್ಡ ಬಟ್ಟೆ. ರಾತ್ರಿಗೆ ಪಂಜು. ಎಡಕ್ಕೆ ಎಷ್ಟು ಸಲ, ಬಲಕ್ಕೆ ಎಷ್ಟು ಸಲ ಬೀಸಿದರೆಂಬುದರಿಂದ ಅಂಕಿಗಳನ್ನು ಕೂಡಿಸಿಕೊಳ್ಳಬೇಕು. ಬೆಲೆಯ ಹಿಂದೆಯೇ, ಅದಕ್ಕೆ ಹೊಂದಿಕೆಯಾಗುವ ಇನ್ನೊಂದು ಗುರುತಿನ ಸಂಖ್ಯೆಯನ್ನು ಬೀಸುತ್ತಿದ್ದರು. ಎರಡಕ್ಕೂ ತಾಳೆಯಾಗದಿದ್ದರೆ ನಡುವೆ ಎಲ್ಲೋ ತಪ್ಪಾಗಿದೆಯೆಂದು ತಿಳಿಯುತ್ತಿತ್ತು. ಬಾವುಟವೇನೋ ಊರಿಗೆಲ್ಲ ಕಾಣುತ್ತದಲ್ಲ, ಕದಿಯುವವರಿಲ್ಲವೆ? ಇದ್ದರು. ಅದಕ್ಕಾಗಿ ನಿಜವಾದ ಬೆಲೆಗೆ ಒಂದು ಗುಟ್ಟಿನ ಸಂಖ್ಯೆಯನ್ನು ಕೂಡಿಸಿಯೋ ಕಳೆದೋ ಬೀಸುವುದು. ಆ ಗುಟ್ಟನ್ನು ಆಗಾಗ ಬದಲಾಯಿಸುವುದು. ಇಂದು ಬ್ಯಾಂಕುಗಳು ಹಣದ ವ್ಯವಹಾರವನ್ನು ಗೂಢಲಿಪಿಯಲ್ಲಿ ಕಾಪಾಡುತ್ತವೆ. ಅದೇ ಎಚ್ಚರ ಬಟ್ಟೆಯ ತುಂಡೊಂದರಲ್ಲಿ ಅಂದೇ ಮೂಡಿತ್ತು.

ಪಳಗಿದ ಕೈಗಳಾದರೆ ಒಂದು ಬೆಟ್ಟದ ಕೆಲಸ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ಒಸಾಕಾದ ಧಾರಣೆ ಕ್ಯೋಟೊಗೆ ನಾಲ್ಕು ನಿಮಿಷದಲ್ಲಿ, ಓತ್ಸುವಿಗೆ ಐದು ನಿಮಿಷದಲ್ಲಿ, ಪಶ್ಚಿಮದ ಒಕಾಯಾಮಾಕ್ಕೆ ಹದಿನೈದು ನಿಮಿಷದಲ್ಲಿ ಮುಟ್ಟುತ್ತಿತ್ತೆಂದು ಲೆಕ್ಕ ಹೇಳುತ್ತಾರೆ. ಬಲು ದೂರದ ಹಿರೋಶಿಮಾಕ್ಕೆ ಕೂಡ ನಲವತ್ತು ನಿಮಿಷ ಬೇಕಾಗಿರಲಿಲ್ಲವಂತೆ. ಬೆಟ್ಟದಿಂದ ಬೆಟ್ಟಕ್ಕೆ ನಿಮಿಷಕ್ಕೆ ಹನ್ನೆರಡು ಕಿಲೊಮೀಟರೆಂದರೆ ತಾಸಿಗೆ 720 ಕಿಲೊಮೀಟರು! ಅಂದಿನ ಜಗತ್ತಿನಲ್ಲಿ ಯಾವ ಕುದುರೆಯೂ, ಯಾವ ಹಡಗೂ ಆ ವೇಗದ ಕನಸನ್ನೂ ಕಂಡಿರಲಿಲ್ಲ.

ಅಪ್ಪಣೆ ಮತ್ತು ಉಪಾಯ

ಈ ವೇಗ ಎಲ್ಲರಿಗೂ ಹಿಡಿಸಲಿಲ್ಲ. ಬಾವುಟ ಬಂದ ಮೇಲೆ ಹರಿಕಾರರ ಹೊಟ್ಟೆಯ ಮೇಲೆ ಹೊಡೆತ ಬಿದ್ದಿತು. ಅವರ ಕಸುಬನ್ನು ಉಳಿಸುವುದಕ್ಕಾಗಿ 1775ರಲ್ಲಿ ಒಸಾಕಾದ ಸುತ್ತಣ ಪ್ರಾಂತಗಳಲ್ಲಿ ಧಾರಣೆಗಾಗಿ ಬಾವುಟ ಬೀಸಕೂಡದೆಂದು ಅಪ್ಪಣೆಯಾಯಿತು.

ಅಪ್ಪಣೆಗೆ ವರ್ತಕರು ತಲೆಬಾಗಿದರು, ಆದರೆ ಉಪಾಯ ಬಿಡಲಿಲ್ಲ. ನಿಷೇಧವಿದ್ದ ಪ್ರಾಂತದ ಗಡಿಯವರೆಗೆ ಹರಿಕಾರನನ್ನೇ ಓಡಿಸಿದರು. ಗಡಿಯ ಬೆಟ್ಟದಿಂದ ಮುಂದಕ್ಕೆ ಬಾವುಟ! ಬಾವುಟ ತಾನೆ ಕೂಡದು? ಕೊಡೆ ಆಡಿಸಿದರು, ಕೈ ಬೀಸಿದರು, ಕಂದೀಲು ತೂಗಿದರು. 1783ರಲ್ಲಿ ಒಸಾಕಾದ ಒಬ್ಬ ವರ್ತಕನು ಪಾರಿವಾಳಗಳ ಕಾಲಿಗೆ ಧಾರಣೆಯ ಚೀಟಿ ಕಟ್ಟಿ ಹಾರಿಸಿ ಸಿಕ್ಕಿಬಿದ್ದು ಶಿಕ್ಷೆಗೆ ಗುರಿಯಾದನು. ಆಕಾಶದಲ್ಲಿ ಹಾರುವ ಹಕ್ಕಿಯನ್ನೂ ಕಾನೂನು ಹಿಡಿಯಿತಾದರೂ ಬೆಲೆಯ ಸುದ್ದಿಯನ್ನು ಹಿಡಿದು ನಿಲ್ಲಿಸುವುದು ಅದರಿಂದ ಆಗಲಿಲ್ಲ.

ಇದೇ ಕಾಲದ ಸುಮಾರಿಗೆ ಭೂಮಿಯ ಇನ್ನೊಂದು ಬದಿಯಲ್ಲಿ ಇದರ ತಿರುವುಮುರುವಾದ ನಾಟಕ ನಡೆಯಿತು. ಫ್ರಾನ್ಸಿನಲ್ಲಿ ಕ್ಲೋದ್ ಶಾಪ್ ಎಂಬಾತನು ಗೋಪುರಗಳ ಮೇಲೆ ಮರದ ತೋಳುಗಳನ್ನು ನಿಲ್ಲಿಸಿ, 1794ರಲ್ಲಿ ಪ್ಯಾರಿಸಿನಿಂದ ಲೀಲ್‌ವರೆಗೆ ಸಂದೇಶದ ಸಾಲನ್ನು ಕಟ್ಟಿದನು. ಅದು ಸರಕಾರದ ಸೊತ್ತು; ವರ್ತಕರಿಗೆ ಪ್ರವೇಶವಿಲ್ಲ. ಬೋರ್ಡೋ ನಗರದ ಬ್ಲಾಂಕ್ ಎಂಬ ಅಣ್ಣತಮ್ಮಂದಿರು 1834ರಿಂದ ಎರಡು ವರ್ಷ ಕಾಲ, ತೂರ್ ಪಟ್ಟಣದ ಟೆಲಿಗ್ರಾಫ್ ನೌಕರನಿಗೆ ಲಂಚ ಕೊಟ್ಟು, ಸರಕಾರಿ ಸಂದೇಶದ ನಡುವೆ ಬೇಕೆಂದೇ ಒಂದು ತಪ್ಪು ಚಿಹ್ನೆ ಸೇರಿಸುವಂತೆ ಮಾಡಿದರು. ಪ್ಯಾರಿಸಿನಲ್ಲಿ ಸರಕಾರಿ ಸಾಲಪತ್ರದ ಬೆಲೆ ಏರಿತೋ ಇಳಿಯಿತೋ ಎಂಬುದನ್ನು ಆ 'ತಪ್ಪು' ಅವರಿಗೆ ಹೇಳುತ್ತಿತ್ತು. ಟಪಾಲು ಬರುವ ಹೊತ್ತಿಗೆ ಅವರು ಲಾಭ ಗಂಟು ಕಟ್ಟಿರುತ್ತಿದ್ದರು. ಗುಟ್ಟು ಬಯಲಾಗಿ ಮೊಕದ್ದಮೆ ನಡೆದಾಗ, ಇಂಥದು ಅಪರಾಧವೆಂದು ಹೇಳುವ ಕಾನೂನೇ ಇಲ್ಲವೆಂದು ಅವರು ಪಾರಾದರು. ಅನಂತರ 1837ರಲ್ಲಿ ಸಂದೇಶದ ಸಾಲುಗಳೆಲ್ಲ ಸರಕಾರದವೇ ಎಂಬ ಕಾನೂನು ಬಂದಿತು.

ಒಂದು ಕಡೆ ಸರಕಾರದ ಗೋಪುರದಲ್ಲಿ ವರ್ತಕ ನುಸುಳಿದ. ಇನ್ನೊಂದು ಕಡೆ ವರ್ತಕನ ಬೆಟ್ಟವನ್ನು ಸರಕಾರ ಮುಚ್ಚಿಸಿತು. ಜಗಳ ಎರಡು ಕಡೆಯೂ ಒಂದೇ: ಮೊದಲು ತಿಳಿಯುವ ಹಕ್ಕು ಯಾರದು?

ಜಪಾನಿನಲ್ಲಿ ನಿಷೇಧ ಸಡಿಲವಾದುದು 1865ರಲ್ಲಿ. ಆ ವರ್ಷ ಪಾಶ್ಚಾತ್ಯ ರಾಷ್ಟ್ರಗಳ ಯುದ್ಧನೌಕೆಗಳು ಇಂದಿನ ಕೋಬೆಯ ಭಾಗವಾಗಿರುವ ಹ್ಯೋಗೊ ಬಂದರಿಗೆ ಬಂದು ಲಂಗರು ಹಾಕಿದುವು. ಆ ಸುದ್ದಿಯನ್ನೂ ಬೆಟ್ಟದ ಬಾವುಟಗಳೇ ಒಸಾಕಾಕ್ಕೆ ಮುಟ್ಟಿಸಿದುವೆಂದೂ, ಅಂದಿನಿಂದ ಅವುಗಳ ಬೆಲೆ ಸರಕಾರಕ್ಕೆ ಮನವರಿಕೆಯಾಯಿತೆಂದೂ ಪ್ರತೀತಿಯಿದೆ.

ಬಾವುಟ ಇಳಿದ ದಿನಗಳು

1868ರಲ್ಲಿ ಶೋಗುನರ ಆಳಿಕೆ ಮುಗಿದು ಹೊಸ ಯುಗ ಬಂದಿತು. 1870ರ ವೇಳೆಗೆ ಒಸಾಕಾ-ಕೋಬೆಗಳ ನಡುವೆ ತಂತಿ ಹರಿಯಿತು. 1893ರಲ್ಲಿ ಟೆಲಿಫೋನು ಬಂದಿತು. ಬಾವುಟದವರು ಅಂದೇ ಮನೆಗೆ ಹೋದರೆಂದು ಯಾರಾದರೂ ಭಾವಿಸಬಹುದು. ಹಾಗಾಗಲಿಲ್ಲ. ತಂತಿಗೆ ದುಬಾರಿ ದರ. ಟೆಲಿಫೋನಿಗೆ ದೂರದ ಊರಿನ ಸಂಪರ್ಕ ಸಿಗುವವರೆಗೆ ಕಾಯಬೇಕು. ಬೆಟ್ಟದ ಮೇಲಿನವನಿಗೆ ಕಾಯುವ ಮಾತಿಲ್ಲ. ಆದುದರಿಂದ ರೈಲು ಕೂಗಿಕೊಂಡು ಓಡುತ್ತಿದ್ದ, ವಿದ್ಯುತ್ ದೀಪ ಬೆಳಗುತ್ತಿದ್ದ ಕಾಲದಲ್ಲಿಯೂ ಬಾವುಟಗಳು ಬೀಸುತ್ತಲೇ ಇದ್ದುವು. ಟೆಲಿಫೋನು ಚುರುಕಾದ ಮೇಲೆ ಒಂದೊಂದೇ ಬೆಟ್ಟ ಮೌನವಾಗುತ್ತ ಬಂದು, 1910ರ ದಶಕ ಮುಗಿಯುವ ಹೊತ್ತಿಗೆ ಕಸುಬೇ ಅಳಿಯಿತು.

ಅದೇ ದಶಕದ ಕೊನೆಯಲ್ಲಿ ಅಕ್ಕಿಯ ಬೆಲೆ ದೇಶವನ್ನೇ ಅಲುಗಿಸಿತು. 1918ರಲ್ಲಿ ಧಾರಣೆ ಕೈಮೀರಿ ಏರಿತು. ಆ ಜುಲೈ ತಿಂಗಳಲ್ಲಿ ತೊಯಾಮಾ ಪ್ರಾಂತದ ಉಓಜು ಎಂಬ ಕಡಲೂರಿನಲ್ಲಿ ಬೆಸ್ತರ ಹೆಂಗಸರು ಗುಂಪುಗೂಡಿ, ತಮ್ಮೂರಿನ ಅಕ್ಕಿಯನ್ನು ಹೊರಗಿನ ಪೇಟೆಗೆ ಹೊತ್ತೊಯ್ಯಲು ಬಂದ ಹಡಗಿಗೆ ಮೂಟೆ ತುಂಬಗೊಡೆವೆಂದು ಅಡ್ಡನಿಂತರು. ಕಿಡಿ ಊರೂರಿಗೆ ಹಬ್ಬಿತು. ಕ್ಯೋಟೊ, ಒಸಾಕಾ, ನಾಗೋಯಾಗಳಲ್ಲಿ ಗಲಭೆಗಳಾದುವು. ಆಗಸ್ಟಿನಲ್ಲಿ ಕೋಬೆ ನಗರದಲ್ಲಿ, ಸುಜುಕಿ ಶೋತೆನ್ ಎಂಬ ಭಾರಿ ವ್ಯಾಪಾರ ಸಂಸ್ಥೆ ಅಕ್ಕಿ ಬಚ್ಚಿಟ್ಟಿದೆಯೆಂಬ ವದಂತಿಯಿಂದ ಕೆರಳಿದ ಜನರು ಅದರ ಮುಖ್ಯ ಕಚೇರಿಗೆ ಬೆಂಕಿಯಿಟ್ಟರು. ಸೆಪ್ಟೆಂಬರಿನಲ್ಲಿ ತೆರಾಉಚಿ ಮಂತ್ರಿಮಂಡಲ ರಾಜೀನಾಮೆ ಕೊಡಬೇಕಾಯಿತು.

ಬಾವುಟದ ಬೆಟ್ಟಗಳ ಕಥೆಯಲ್ಲಿ ಇಷ್ಟು ದಿನ ಕಾಣಿಸದೆ ಇದ್ದವರು ಈ ಹೆಂಗಸರು. ಒಂದೂವರೆ ಶತಮಾನ ಕಾಲ ಅವರ ತಲೆಯ ಮೇಲಿಂದಲೇ ಧಾರಣೆ ಹಾರಿಹೋಗುತ್ತಿತ್ತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದ ರೈತ ತಲೆಯೆತ್ತಿ ನೋಡಿದರೆ ಬೆಟ್ಟದ ಮೇಲೆ ಬಟ್ಟೆ ಆಡುವುದು ಕಾಣುತ್ತಿತ್ತು. ಅದರ ಅರ್ಥ ಮಾತ್ರ ಗುಟ್ಟು ಬಲ್ಲವನಿಗೆ. ತಾನು ಬೆಳೆದ ಅಕ್ಕಿಯ ಬೆಲೆಯೇ ತನ್ನ ಕಣ್ಣೆದುರು ಹಾಯ್ದು ಹೋಗುತ್ತಿದ್ದರೂ ಅದನ್ನು ಓದಲಾರದವನು ಅವನು. ವರ್ತಕನಿಗೆ ನಿಮಿಷದಲ್ಲಿ ಮುಟ್ಟಿದ ಸುದ್ದಿ, ಒಲೆಯ ಮುಂದೆ ಕುಳಿತವಳಿಗೆ ಮುಟ್ಟುತ್ತಿದ್ದುದು ಅಂಗಡಿಯವನು ಸೇರು ಅಳೆಯುವಾಗಲೇ.

ಹೆಸರು ಉಳಿದಿದೆ

ದೋಜಿಮಾದ ಅಕ್ಕಿ ಪೇಟೆಯನ್ನು ಯುದ್ಧಕಾಲದ ನಿಯಂತ್ರಣ 1939ರಲ್ಲಿ ಮುಚ್ಚಿಸಿತು. 1981ರಲ್ಲಿ ಕೆಲವು ಉತ್ಸಾಹಿಗಳು ಒಸಾಕಾದಿಂದ ಒಕಾಯಾಮಾದವರೆಗೆ ಹಳೆಯ ಬೆಟ್ಟಗಳನ್ನೇರಿ ಮತ್ತೊಮ್ಮೆ ಬಾವುಟ ಬೀಸಿ ನೋಡಿದರು. ಹಿಂದಿನವರು ಹದಿನೈದು ನಿಮಿಷಕ್ಕೆ ಮುಗಿಸುತ್ತಿದ್ದ ಕೆಲಸಕ್ಕೆ ಇವರಿಗೆ ಎರಡು ತಾಸಿಗೂ ಹೆಚ್ಚು ಹಿಡಿಯಿತು! ನಗರಗಳ ಹೊಗೆ ಗಾಳಿಯನ್ನು ಮಸುಕಾಗಿಸಿತ್ತು. ಪಳಗಿದ ಕಣ್ಣುಗಳೂ ಕೈಗಳೂ ಮಣ್ಣಾಗಿದ್ದುವು.

2024ರ ಆಗಸ್ಟಿನಲ್ಲಿ ದೋಜಿಮಾ ಹೆಸರಿನ ವಿನಿಮಯ ಕೇಂದ್ರದಲ್ಲಿ ಅಕ್ಕಿಯ ವಾಯಿದೆ ವ್ಯಾಪಾರ ಹೊಸ ರೂಪದಲ್ಲಿ ಮತ್ತೆ ಆರಂಭವಾಯಿತು. ಈಗ ಧಾರಣೆ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಭೂಮಿಯನ್ನೇ ಸುತ್ತುತ್ತದೆ. ಬೇಕೆಂದವನು ಅಂಗೈಯ ಫೋನಿನಲ್ಲೇ ಅದನ್ನು ನೋಡಬಹುದು. ಆದರೂ 2025ರ ವಸಂತದಲ್ಲಿ ಜಪಾನಿನ ಅಂಗಡಿಗಳಲ್ಲಿ ಅಕ್ಕಿಯ ಬೆಲೆ ಹಿಂದಿನ ವರ್ಷದ ಇಮ್ಮಡಿಯಾಗಿ, ಐದು ಕಿಲೊ ಚೀಲಕ್ಕೆ ನಾಲ್ಕು ಸಾವಿರ ಯೆನ್ ಮೀರಿದಾಗ, ಸರಕಾರ ತನ್ನ ಕಣಜದ ದಾಸ್ತಾನನ್ನೇ ಹೊರತೆಗೆಯಬೇಕಾಯಿತು. ಸುದ್ದಿ ಬೇಗ ಬಂದರೆ ಅನ್ನವೂ ಬೇಗ ಬಂದೀತೆಂಬ ನಿಯಮವೇನೂ ಇಲ್ಲ.

ಸುಮಾದ ಆ ಪುಟ್ಟ ಬೆಟ್ಟದ ಮೇಲೆ ಈಗ ಧಾರಣೆಯ ಬಾವುಟವಿಲ್ಲ; ದುರ್ಬೀನಿಗೆ ಕಣ್ಣು ಹಚ್ಚಿ ಕಾಯುವವನೂ ಇಲ್ಲ. ಬೆಳಗಿನ ಗಾಳಿಗೆ ಹತ್ತಿಬಂದ ಹಿರಿಯರು ಬೆವರೊರೆಸಿಕೊಂಡು, ದೂರದ ಒಸಾಕಾದ ಕಡೆಗೆ ಒಮ್ಮೆ ನೋಡಿ, ಕೆಳಗಿಳಿಯುತ್ತಾರೆ. ಮನೆಯಲ್ಲಿ ಅವರಿಗಾಗಿ ಅನ್ನ ಬೆಂದಿರುತ್ತದೆ. ಅದರ ಬೆಲೆಯನ್ನು ಒಂದು ಕಾಲದಲ್ಲಿ ತಾನೇ ಸಾರಿದೆನೆಂಬುದನ್ನು ಬೆಟ್ಟ ತನ್ನ ಹೆಸರಿನಲ್ಲಿ ಮಾತ್ರ ಉಳಿಸಿಕೊಂಡಿದೆ.